ಹುಳಕ್ಕಾಗದ ಹೊಗೆ

೬ ಆಗಸ್ಟ್, ಬೆಳಿಗ್ಗೆ ೭
ಬೆಲ್ಟ್ ಮತ್ತೆ ಜಾರಿತು. ಅತ್ತೆಯ ಸೊಂಟಕ್ಕೆ ಪಂಪ್ ಕಟ್ಟುವುದೇ ಒಂದು ಸಾಹಸ. ಸಣ್ಣ ಮೆಷಿನ್, ಕೊರಳ ಹತ್ತಿರಕ್ಕೆ ಒಂದು ಟ್ಯೂಬು. ಅವಳು ಉಸಿರಾಡುವ ಗಾಳಿಯನ್ನೇ ಎಳೆದು ಒಳಗಿನ ಬಿಳಿ ಫಿಲ್ಟರ್ ಕಾಗದದ ಮೇಲೆ ಮಸಿ ಕೂರಿಸುತ್ತದೆ. ಹಗಲೆಲ್ಲ ಬಿಚ್ಚಬಾರದು.

"ಇದೇನ್ ಭಾನು, ಡಾಬು ಮಾಡ್ಸಿಕೊಡು ಅಂದ್ರೆ ಡಬ್ಬ ಕಟ್ತೀಯ" ಅಂದಳು.

ಪಿಎಚ್‌ಡಿ ಮುಗಿದ ಮೇಲೂ ಇದೇನು ಓದು ಅಂತ ಅತ್ತೆಯ ಊರು ಕೈಲಾಂಚದಲ್ಲಿ ಎಲ್ಲರ ಪ್ರಶ್ನೆ. ಪೋಸ್ಟ್‌ಡಾಕ್ ಅಂದರೆ ಯಾರಿಗೂ ತಿಳಿಯದು. ರಕ್ತದಲ್ಲಿ ಜೀನ್ ನೋಡ್ತೀನಿ, ಮನೆಯಲ್ಲಿ ಹೊಗೆ ಅಳೀತೀನಿ, ಎರಡೂ ಸೇರಿ ಹೃದಯಕ್ಕೆ ಏನು ಮಾಡ್ತವೆ ಅಂತ ಹುಡುಕ್ತೀನಿ — ಇಷ್ಟು ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಮ್ಮ ಮನೆತನದಲ್ಲೇ ಇದೆ ಆ ಕಾಯಿಲೆ. ತಾತ ಹೋಗಿದ್ದು ಅದರಿಂದಲೇ. ಅಪ್ಪನಿಗೆ ಸ್ಟೆಂಟ್. ಈಗ ಅಪ್ಪನ ತಂಗಿ, ಈ ಬೋರಮ್ಮತ್ತೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುವಾಗ ಅಲ್ಲಲ್ಲಿ ನಿಲ್ಲುತ್ತಾಳೆ. ಕೇಳಿದರೆ ಸೆರಗು ಸರಿ ಮಾಡ್ಕತಿದ್ದೆ ಅನ್ನುತ್ತಾಳೆ.

ಇಸಿಜಿಗೆ ಬಾ ಅಂದರೆ — "ಹುಳ ನಾಲ್ಕನೇ ಜ್ವರ ಎದ್ದವೆ. ಬುಟ್ಟು ಬರಕ್ಕಾದದಾ?"

ರೇಷ್ಮೆಹುಳ ಪೊರೆ ಬಿಟ್ಟರೆ ಅದು ಜ್ವರ. ತನಗೆ ಏದುಸಿರು ಬಂದರೆ ಏನೂ ಅಲ್ಲ. ನನಗೆ ಭಯವಾಗುತ್ತದೆ.

೭ ಆಗಸ್ಟ್, ಸಂಜೆ
ಫಿಲ್ಟರ್ ತೆಗೆದೆ. ಬೆಳ್ಳಗೆ! ಹೊಸ ಪ್ಯಾಕೆಟ್‌ನಿಂದ ತೆಗೆದ ಹಾಗೇ ಇದೆ. ಸೌದೆ ಒಲೆ ಮುಂದೆ ಕೂತು ಮುದ್ದೆ ತೊಳಸಿದವಳ ಕಾಗದ ಇದು. ಲ್ಯಾಬ್ ನಡೆಸುವ ಅನಂತರಾಜು ಸರ್‌ಗೆ ಫೋನ್ ಮಾಡಿದೆ. "ಪಂಪ್ ಕೆಟ್ಟಿರ್ಬೇಕು ನೋಡಮ್ಮ" ಅಂದರು. ಕೆಟ್ಟಿಲ್ಲ. ಹಗಲೆಲ್ಲ ಓಡಿದೆ. ಹಾಗಾದರೆ... ಹೊಸದೇನೋ ಸಿಕ್ಕಿತಾ? ಕಾಫಿ ಮುಗಿಯುವಷ್ಟರಲ್ಲಿ ಪೇಪರ್‌ಗೆ ಟೈಟಲ್ ಕೂಡ ಇಟ್ಟುಬಿಟ್ಟೆ.

೮ ಆಗಸ್ಟ್
ನನ್ನ ಬುದ್ಧಿಗಿಷ್ಟು. ಇವತ್ತು ಮತ್ತೆ ಪಂಪ್ ಕಟ್ಟಿದ್ದೆ. ಮಧ್ಯಾಹ್ನ ಸೊಪ್ಪು ಹಾಕಲು ಹುಳದ ಮನೆಗೆ ಹೋದೆ — ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಮುಖದ ಪೌಡರ್ ಒರೆಸಿಕೊಂಡ ಮೇಲೆಯೇ ಪ್ರವೇಶ. ನೋಡಿದರೆ ಮೊಳೆಗೆ ನೇತಾಡುತ್ತಿದೆ ಪಂಪ್. ಒಗೆದ ಟವೆಲ್ ಸುತ್ತಿ, ಜೋಪಾನವಾಗಿ.

"ಅತ್ತೆ, ಇದೇನಿದು?"

"ಒಲೆ ಮುಂದೆ ಕಟ್ಕಂಡ್ರೆ ಹೊಗೆ ಹಿಡಿದು ಕೆಟ್ಟೋಯ್ತದೆ ಕಣವ್ವ. ಬೆಲೆ ಬಾಳೋ ಸಾಮಾನು. ಇಲ್ಲಾದ್ರೆ ಹುಳದ ಜೊತೇಲಿ ತಣ್ಣಗಿರ್ತದೆ."

"ಹೊಗೆ ಹಿಡೀಲಿ ಅಂತಲೇ ಕಟ್ಟೋದು ಅತ್ತೆ."

"ಅಯ್ಯೋ, ಅದ್ನ ಮೊದ್ಲೇ ಹೇಳಕ್ಕಾಗಕಿಲ್ವಾ?"

ಹೇಳಿದ್ದೆ. ಬಾಯಿ ನೋಯುವಷ್ಟು ಹೇಳಿದ್ದೆ. ಕೋಪ ಬಂತು, ಆಮೇಲೆ ನಗು. ದೂರದ ಬೇಲಿ ಹತ್ತಿರ ಅತ್ತೆಯ ಗಂಡ ಬೋರಲಿಂಗಯ್ಯ ಮಾವನೂ ನಗುತ್ತಿದ್ದ. ಬೀಡಿ ಸೇದಬೇಕಾದರೆ ಅವನಿಗೆ ಅಲ್ಲೇ ಜಾಗ. ಹುಳಕ್ಕೆ ಹೊಗೆ ಆಗುವುದಿಲ್ಲ ಅಂತ ಅತ್ತೆ ಅಲ್ಲಿಗೆ ಅಟ್ಟಿದ್ದಾಳೆ.

೧೨ ಆಗಸ್ಟ್, ಸಂಜೆ
ಇವತ್ತು ಎರಡು ಪಂಪ್. ಒಂದು ಹುಳದ ಮನೆಯಲ್ಲಿ, ಇನ್ನೊಂದು ಅತ್ತೆಯ ಸೊಂಟದಲ್ಲಿ. ಹಗಲೆಲ್ಲ ಅವಳ ಹಿಂದೆ ಬಾಲದ ಹಾಗೆ ತಿರುಗಿದೆ. ಸಂಜೆ ಎರಡೂ ಕಾಗದವನ್ನು ಗಾಜಿನ ಡಬ್ಬಿಯಲ್ಲಿಟ್ಟು ಜಗುಲಿಯ ಮೇಲೆ ತೋರಿಸಿದೆ. ಒಂದು ಬಿಳಿ. ಇನ್ನೊಂದು ಬಾಣಲೆ ತಳ.

ಅತ್ತೆ ತುಂಬ ಹೊತ್ತು ನೋಡಿದಳು.

"ಒಂದು ತಟ್ಟೆ ಹುಳ ಅಡುಗೆಮನೇಲಿ ಇಡೋಣ ಅತ್ತೆ" ಅಂದೆ.

"ತಲೆ ಕೆಟ್ಟೈತಾ ನಿಂಗೆ? ಸತ್ತೋಯ್ತವೆ."

ಮಾವ ಬೀಡಿ ಕಟ್ಟನ್ನು ಜೇಬಿಗೆ ಹಾಕಿಕೊಂಡ. "ಮದ್ವೆ ಆದಾಗಿಂದ ನೀನು ಅಲ್ಲೇ ಇದ್ದೀಯಲ್ಲಮ್ಮಿ" ಅಂದ, ಮೆಲ್ಲಗೆ.

ಅತ್ತೆ ಎದ್ದು ಸೊಪ್ಪು ಹಾಕಲು ಹೋದಳು. ಊಟದ ಹೊತ್ತಿಗೆ ಬಂದು, "ಗೂಡು ಬಿಡಿಸ್ಬುಟ್ಟು ಬತ್ತೀನಿ, ನಿನ್ ಇಸಿಜಿಗೆ" ಅಂದಳು.

೧೯ ಆಗಸ್ಟ್
ಬರೆಯಲು ಪುರುಸೊತ್ತೇ ಸಿಗಲಿಲ್ಲ. ಹುಳ ಹಣ್ಣಾದವು, ಗೂಡು ಕಟ್ಟಲಿ ಅಂತ ಚಂದ್ರಿಕೆ ತಟ್ಟಿಗೆ ಬಿಟ್ಟೆವು, ಗೂಡು ಬಿಡಿಸಿದೆವು. ಇವತ್ತು ರಾಮನಗರದ ಮಾರ್ಕೆಟ್‌ಗೆ ಹೊರಟ ಗೂಡಿನ ಜೊತೆ ಅತ್ತೆಯನ್ನೂ ಆಟೋ ಹತ್ತಿಸಿದೆ. ಆಸ್ಪತ್ರೆಯಲ್ಲಿ ನರ್ಸ್ ಕೆಹಕಶಾನ್ ಎದೆಗೆ ವೈರ್ ಅಂಟಿಸುವಾಗ ಅತ್ತೆ ಅವಳ ಕೈ ಹಿಡಿದುಕೊಂಡಳು.

"ಒಸಿ ಮೆತ್ತಗೆ ತಾಯಿ, ಶಾಕ್ ಹೊಡೆಯಕಿಲ್ವಾ?"

"ಇಲ್ಲಮ್ಮಾ, ಫೋಟೋ ತೆಗ್ದಂಗೆ ಅಷ್ಟೆ."

ತಕ್ಷಣ ಅತ್ತೆ ಕೂದಲು ಸರಿ ಮಾಡಿಕೊಂಡಳು.

ಎಕೋ ಸ್ಕ್ಯಾನ್ ಕೂಡ ಆಯಿತು. ಹೃದಯಕ್ಕೆ ಆಯಾಸ ಶುರುವಾಗಿದೆ, ಆದರೆ ಬೇಗ ಬಂದಿದ್ದೀರಿ, ಸದ್ಯಕ್ಕೆ ಮಾತ್ರೆ ಸಾಕು, ಹೊಗೆ ಮಾತ್ರ ಬೇಡವೇ ಬೇಡ ಅಂದರು ಡಾಕ್ಟರ್. ಕಾರಿಡಾರ್‌ನಲ್ಲಿ ಅತ್ತುಬಿಟ್ಟೆ.

"ನಂಗೇನೂ ಆಗಿಲ್ವಲ್ಲ, ಯಾಕವ್ವ ಅಳ್ತೀಯ?"

"ಅದಕ್ಕೇ ಅಳ್ತಿರೋದು."

೨೪ ಆಗಸ್ಟ್
ಸರ್ ಫೋನ್. ಸೌದೆ ಒಲೆ ಬಿಟ್ಟವರನ್ನು ಸ್ಟಡಿಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಅತ್ತೆಯ ಡೇಟಾ ಕೈಬಿಡಬೇಕು. ಬಿಟ್ಟೆ. ಇಷ್ಟು ಖುಷಿಯಿಂದ ಯಾವ ಡೇಟಾವನ್ನೂ ಬಿಟ್ಟಿರಲಿಲ್ಲ. ಜೀನ್ ಯಾರ ಕೈಲೂ ಇಲ್ಲ, ಕಿಟಕಿ ಮಾವನ ಕೈಲಿದೆ. ಅಡುಗೆಮನೆ ಗೋಡೆ ಒಡೆಯುತ್ತಿದ್ದಾನೆ. ಹುಳದ ಮನೆಗೆ ತಂದು ಉಳಿದಿದ್ದ ಹಸಿರು ಮೆಶ್ ಬಲೆ ಆ ಕಿಟಕಿಗೆ. ನೆಂಟರು ಬಂದಾಗ ಮಾತ್ರ ಹಚ್ಚುತ್ತಿದ್ದ ಗ್ಯಾಸ್ ಈಗ ಮುದ್ದೆಗೂ. ರುಚಿನೇ ಇಲ್ಲ ಅಂತ ಗೊಣಗುತ್ತಲೇ ಮಾವ ಎರಡನೇ ಮುದ್ದೆ ಹಾಕಿಸಿಕೊಳ್ಳುತ್ತಾನೆ.

೧೦ ಸೆಪ್ಟೆಂಬರ್
ಹೊಸ ಮರಿಹುಳ ಬಂದಿವೆ. ಅತ್ತೆ ಒಂದು ಹಿಡಿಯಷ್ಟನ್ನು ಮೊರಕ್ಕೆ ಹಾಕಿಕೊಂಡು ನೆಟ್ಟಗೆ ಅಡುಗೆಮನೆಗೆ ನಡೆದಳು. ಗ್ಯಾಸ್ ಒಲೆ ಪಕ್ಕ, ಹೊಸ ಕಿಟಕಿ ಕೆಳಗೆ ಇಟ್ಟಳು.

"ಅತ್ತೆ, ಪಂಪ್ ಇಡ್ತೀನಲ್ಲ. ಇದ್ಯಾಕೆ?"

"ನಿನ್ ಮಿಷನ್ನು ಹೇಳೋದು ನಂಗೆ ತಿಳಿಯಕಿಲ್ಲ. ಇವು ಬದುಕಿದ್ರೆ ನಾನೂ ಬದುಕ್ತೀನಿ."

೧೩ ಸೆಪ್ಟೆಂಬರ್, ಬೆಳಿಗ್ಗೆ
ಎದ್ದವಳೇ ಅಡುಗೆಮನೆಗೆ ಓಡಿದೆ, ಹಲ್ಲೂ ಉಜ್ಜಿಲ್ಲ. ಮೊರಕ್ಕೆ ಬಗ್ಗಿ ನೋಡಿದೆ. ಸೊಪ್ಪಿನ ನಾರು ಮಾತ್ರ ಉಳಿದಿದೆ. ಎಲ್ಲಾ ತಲೆ ಎತ್ತಿ ಹುಡುಕುತ್ತಿವೆ, ಹಸಿವಂತೆ. ಒಂದೂ ಸತ್ತಿಲ್ಲ. ಒಂದೂ.

ಅತ್ತೆ ಒಲೆ ಮುಂದಿನಿಂದ ಕೂಗುತ್ತಿದ್ದಾಳೆ — "ಭಾನೂ, ಬರ್ದಿದ್ದು ಸಾಕು, ನಮ್ಗೆ ಸೊಪ್ಪು ತತ್ತಾ."

ನಮಗಂತೆ. ಹೊರಟೆ, ಸೊಪ್ಪು —