ಅಪ್ಪನ ಹೆಸರಿನ ಕಲ್ಲು

ಆಗಸ್ಟ್ ೩, ಭಾನುವಾರ

ಮಲಗಿದಲ್ಲೇ ಇರುವ ಅಪ್ಪನ ಬೆನ್ನಿನ ಹುಣ್ಣು ಮತ್ತೆ ಕೀವು ಕಟ್ಟಿದೆ. ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ಇಡೋಣ, ಅರ್ಧ ಪಗಾರ ನೀನು ಕೊಡು ಎಂದು ಕೇಳಲು ಶಹಾಬಾದಿಗೆ, ಅಣ್ಣನ ಮನೆಗೆ ಹೋಗಿದ್ದೆ.

"ಆಸ್ತ್ಯಾಗ ಹೆಣ್ಣುಮಕ್ಕಳಿಗೂ ಪಾಲು ಅದ ಅಲ್ಲಾ, ನೀನೇ ನೋಡ್ಕೋ. ನನ್ನ ಬಲ್ಲಿ ರೊಕ್ಕ ಇಲ್ಲ" ಎಂದ.

ಆಮೇಲೆ ಹುರುಪಿನಿಂದ ಹಿತ್ತಲಿಗೆ ಕರೆದೊಯ್ದ. ಗೋಡೆಗೆ ಒರಗಿಸಿದ ನುಣುಪು ಕಲ್ಲು. ಅದರಲ್ಲಿ ಅಪ್ಪನ ಹೆಸರು, ಹುಟ್ಟಿದ ವರ್ಷ ಕೆತ್ತಿಸಿದ್ದಾನೆ. ಸತ್ತ ತಾರೀಖಿಗೆ ಜಾಗ ಬಿಟ್ಟಿದ್ದಾನೆ. ಕೆಳಗೆ, 'ಪ್ರೀತಿಯ ಮಗ ಅಣವೀರ'.

"ಹ್ಯಾಂಗದ? ಸಮಾಧಿ ಮ್ಯಾಲ ಭಾಳ ಚಂದ ಕಾಣ್ತದ."

ಥೂ! ಇನ್ನೂ ಉಸಿರಾಡುತ್ತಿರುವ ಮನುಷ್ಯನಿಗೆ...

ಅವನನ್ನೊಬ್ಬನನ್ನೇ ಬೈದರೇನು ಬಂತು? ಆ ಕಲ್ಲಿನ ಮುಂದೆ ನಿಂತು ನನ್ನ ಬಾಯಿಂದ ಮೊದಲು ಬಂದ ಮಾತು:

"ನನ್ನ ಹೆಸರ್ಯಾಕ ಇಲ್ಲ?"