ತಪ್ಪಾಯ್ತು ಎನ್ನುವವರೆಗೆ

ಡಿಸೆಂಬರ್ ೯, ಸಂಜೆ

ಎಂದಿನಂತೆ ಮನೆಯ ಸ್ವಿಚ್ಚುಗಳನ್ನೆಲ್ಲ ನೋಡಿ ಬಂದೆ. ಹಜಾರದ ದೀಪ ಸುಮ್ಮನೆ ಉರಿಯುತ್ತಿತ್ತು. ಆರಿಸಿದೆ. ಗೀಸರ್ ಕೂಡ. ಚಳಿ ಬಿತ್ತೆಂದರೆ ಈ ಮನೆಯವರಿಗೆ ಬುದ್ಧಿಯೂ ಹೆಪ್ಪುಗಟ್ಟುತ್ತದೆ.

ನನ್ನ ತಮ್ಮ ರೂಮ್ ಹೀಟರ್ ತಂದಿದ್ದಾನೆ. ಕನ್ನಡಕದ ಅಂಗಡಿಯವನು, ಊರಿನವರ ಕಣ್ಣು ತಿದ್ದುತ್ತಾನೆ, ತನಗೆ ಮಾತ್ರ ಏನೂ ಕಾಣುವುದಿಲ್ಲ. ಅಷ್ಟು ದೊಡ್ಡ ಹೀಟರನ್ನು ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದಾನೆ. ಅದೇ ಬೋರ್ಡಿಗೆ ಇಸ್ತ್ರಿಪೆಟ್ಟಿಗೆ. ವೈರು ಜಮಖಾನೆಯ ಕೆಳಗೆ! ನಾಳೆ ಹೇಳಬೇಕು.

ಡಿಸೆಂಬರ್ ೧೦

ಹೇಳಿದೆ. ತಮ್ಮನ ಅಂಗಡಿಯ ಪಾಲುದಾರ, ಅವನ ಹೆಂಡತಿ ಊಟಕ್ಕೆ ಬಂದಿದ್ದರು.

"ಹೀಟರನ್ನು ಗೋಡೆಯ ದೊಡ್ಡ ಸಾಕೆಟ್ಟಿಗೇ ಹಾಕಬೇಕು. ತೆಳು ತಂತಿಯಲ್ಲಿ ಅಷ್ಟು ಪ್ರವಾಹ ಹರಿದರೆ—"

ಮುಗಿಸಲು ಬಿಡಲಿಲ್ಲ.

"ಶುರುವಾಯ್ತಪ್ಪ, ಫಸ್ಟ್ ಪೀರಿಯಡ್!" ಎಂದ ತಮ್ಮ. "ರಿಟೈರ್ ಆಗಿದ್ದಾರೆ ಅಂತ ಅಣ್ಣಂಗೆ ಯಾರಾದ್ರೂ ಹೇಳ್ರಪ್ಪ. ಬೆಲ್ ಹೊಡೀರಿ, ಬೆಲ್!"

ಚಮಚದಿಂದ ಲೋಟಕ್ಕೆ ಟಣ್ ಟಣ್ ಎಂದು ಬಾರಿಸಿದ. ಎಲ್ಲರೂ ನಕ್ಕರು. ಅದಿರಲಿ. ನನ್ನ ಹೆಂಡತಿಯೂ ನಕ್ಕಳು — ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಕೆಮ್ಮಿನ ನಡುವೆಯೂ.

ಡಿಸೆಂಬರ್ ೧೧

ತರಗತಿಯಲ್ಲಿ ನಕ್ಕವನನ್ನು ನಾನೆಂದೂ ಹೊಡೆದವನಲ್ಲ. ಮಾತು ಬಿಡುತ್ತಿದ್ದೆ. ಅವನು ಎತ್ತಿದ ಕೈ ನನಗೆ ಕಾಣುತ್ತಿರಲಿಲ್ಲ. ಅವನ ಲೆಕ್ಕ ತಪ್ಪಿದರೂ ತಿದ್ದುತ್ತಿರಲಿಲ್ಲ. ತಾನಾಗಿ ಬಂದು "ತಪ್ಪಾಯ್ತು ಸಾರ್" ಎನ್ನುವವರೆಗೆ. ಬಾರದವನು ಒಬ್ಬನೂ ಇಲ್ಲ.

ಹೀಟರಿನ ವಿಷಯದಲ್ಲಿ ಇನ್ನು ತುಟಿ ಬಿಚ್ಚುವುದಿಲ್ಲ. ತಮ್ಮ ಬರಲಿ. ಆ ಮಾತು ಹೇಳಲಿ.

ಡಿಸೆಂಬರ್ ೧೬

ತಮ್ಮನ ಕೋಣೆಯಲ್ಲಿ ಯಾರೂ ಇಲ್ಲದಾಗ ಬಗ್ಗಿ ನೋಡಿದೆ. ಬೋರ್ಡು ಮಂಚದ ಹಿಂದಿದೆ. ಹೀಟರಿನ ಪ್ಲಗ್ಗಿನ ಸುತ್ತ ಕಂದು ಕಲೆ. ಆರಿಸಿ ಎಷ್ಟೋ ಹೊತ್ತಾಗಿತ್ತು, ಇನ್ನೂ ಬಿಸಿ. ಬಾಗಿಲು ಎಳೆದುಕೊಂಡು ಬಂದೆ.

ಹೆಂಡತಿಯ ಕೆಮ್ಮು ಹೆಚ್ಚಿದೆ. ಆ ಗದ್ದಲಕ್ಕೇ ನಾನು ಮುಂದಿನ ಕೋಣೆಯಲ್ಲಿ ಮಲಗುವುದು. ಅವಳದು ಹಿಂದಿನ, ಬಿಸಿಲು ಕಾಣದ ಕೋಣೆ.

"ರೀ, ನಮಗೂ ಒಂದು ಹೀಟರ್ ತರಬಾರದಾ? ಗೋಡೆಯೆಲ್ಲ ಐಸ್ ಆಗಿದೆ."

"ಅವತ್ತು ನಗುವಾಗ ಚಳಿ ಇರಲಿಲ್ಲವಲ್ಲ. ಇನ್ನೊಂದು ಸಲ ನಕ್ಕು ನೋಡು, ಬೆಚ್ಚಗಾದೀತು."

"ಅಯ್ಯೋ, ಅದನ್ನಿನ್ನೂ ಹಿಡ್ಕೊಂಡು ಕೂತಿದೀರಾ?"

ಅವಳೊಡನೆಯೂ ಮಾತು ಬಿಟ್ಟೆ.

ಡಿಸೆಂಬರ್ ೨೩

ಹಜಾರದಲ್ಲಿ ಮೀನು ಸುಟ್ಟಂಥ ವಾಸನೆ. ಪ್ಲಗ್ಗು ಕಾದರೆ ಹಾಗೆ ನಾರುತ್ತದೆಂದು ಈ ಮನೆಯಲ್ಲಿ ಬಲ್ಲವನು ನಾನೊಬ್ಬನೇ. ತಮ್ಮನ ಹೆಂಡತಿ ಸಿಂಕಿಗೆ ಫಿನಾಯಿಲ್ ಸುರಿದಳು, ಕಸದ ಬುಟ್ಟಿ ತೊಳೆದಳು.

"ಭಾವ, ನಿಮಗೂ ವಾಸನೆ ಬರ್ತಿದೆಯಾ? ಎಲ್ಲೋ ಇಲಿ ಸತ್ತಿರಬೇಕು."

"ನನಗೇನು ಗೊತ್ತಮ್ಮ. ನಾನು ರಿಟೈರ್ ಆಗಿದ್ದೇನೆ."

ಮುಖ ಸಣ್ಣದು ಮಾಡಿಕೊಂಡು ಹೋದಳು. ಒಳ್ಳೆಯ ಉತ್ತರ. ಮಲಗುವವರೆಗೂ ನೆನೆದು ಸಂತೋಷಪಟ್ಟೆ.

ಡಿಸೆಂಬರ್ ೨೯, ಬೆಳಿಗ್ಗೆ

ಕಲೆ ಕಪ್ಪಾಗಿದೆ. ಬೋರ್ಡಿನ ಒಂದು ಮೂಲೆ ಮೇಣದಂತೆ ಬಾಗಿದೆ. ಹೇಳಿಬಿಡೋಣವೆಂದು ತಮ್ಮನ ಬಾಗಿಲವರೆಗೆ ಹೋದೆ. ತಟ್ಟಲು ಕೈಯೆತ್ತಿದೆ. ಒಳಗೆ ಗಂಡಹೆಂಡಿರು ನಗುತ್ತಿದ್ದರು. ಟಣ್ ಟಣ್ ಎಂದು ಸದ್ದು. ಟೀ ಕಲಕುವ ಚಮಚವಿದ್ದೀತು. ನನಗೆ ಹಾಗೆ ಕೇಳಿಸಲಿಲ್ಲ.

ಕೈ ಇಳಿಸಿದೆ.

ಜನವರಿ ೩, ಬೆಳಿಗ್ಗೆ

ವಾಸನೆ ಇಲ್ಲ! ತಮ್ಮನ ಕೋಣೆಯ ಬಾಗಿಲು ತೆರೆದಿತ್ತು. ಹೀಟರೂ ಇಲ್ಲ, ಬೋರ್ಡೂ ಇಲ್ಲ. ತಾನೇ ಕಂಡುಕೊಂಡು ಎಸೆದಿರಬೇಕು. ತಪ್ಪಾಯ್ತು ಎನ್ನಲು ಮಾತ್ರ ಗಂಟಲು ಕಟ್ಟಿದೆ. ಆಗಲಿ, ಪಾಠವಂತೂ ಕಲಿತ. ನನ್ನ ವಿಧಾನ ಸೋತದ್ದಿಲ್ಲ.

ಹೆಂಡತಿಯ ಕೆಮ್ಮೂ ನಿಂತಿದೆ. ಬಾಗಿಲು ಹಾಕಿಕೊಂಡು ಇನ್ನೂ ಮಲಗಿದ್ದಾಳೆ. ಎಬ್ಬಿಸಲಿಲ್ಲ — ಮಾತು ಬಿಟ್ಟವನು ಎಬ್ಬಿಸುವುದು ಹೇಗೆ? ನಿವೃತ್ತರ ಸಂಘದ ಸಭೆಗೆ ಹೊರಟೆ.

ಫೆಬ್ರವರಿ ೧೪

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಒಂದನೆಯ ತರಗತಿಯ ಅಕ್ಷರ. ಆರು ವಾರ ಆಸ್ಪತ್ರೆಯಲ್ಲಿದ್ದೆ. ಆ ದಿನ ಸಭೆಯಿಂದ ಬಂದಾಗ ತಮ್ಮ, ಅವನ ಹೆಂಡತಿ ಹೊರಗೆ ಹೋಗಿದ್ದರು; ಮನೆ ತುಂಬ ಹೊಗೆ. ಅವಳ ಬಾಗಿಲಿನ ಚಿಲಕಕ್ಕೆ ಬಲಗೈ ಅಂಟಿಕೊಂಡಿತು.

ಬಿಸಿ ಹೊರಗೆ ಹೋಗದಿರಲೆಂದು ಬಾಗಿಲ ಸಂದಿಗೆ ಹಳೆಯ ಬಟ್ಟೆ ತುರುಕಿ ಮಲಗಿದ್ದಳಂತೆ. ಕೆಮ್ಮಿನ ಔಷಧಿಯ ನಿದ್ದೆ. ಹೊರಗೆ ತಂದಾಗ ಉಸಿರಿರಲಿಲ್ಲ.

ಬೋರ್ಡು ಅವಳ ಮಂಚದ ಕೆಳಗಿತ್ತು.

ಫೆಬ್ರವರಿ ೧೬

ವಿದ್ಯುತ್ ಇಲಾಖೆಯವರು ನನ್ನ ಹೇಳಿಕೆಗೆಂದು ಬಂದಿದ್ದರು. "ಮೇಷ್ಟ್ರೇ, ಇದು ಒಂದು ದಿನದಲ್ಲಿ ಸುಟ್ಟಿದ್ದಲ್ಲ. ನಿಮ್ಮಂಥ ತಿಳಿದವರಿರೋ ಮನೇಲಿ ಯಾರೂ ನೋಡ್ಲಿಲ್ವಾ?"

ನಾನು ಬಾಯಿ ತೆರೆದೆ. ತಮ್ಮ ಮುಂದಾದ.

"ನೋಡಿದ್ರೆ ನಮ್ಮಣ್ಣ ಬಿಡ್ತಿದ್ರಾ ಸಾರ್? ಮೊದಲ್ನೇ ದಿನಾನೇ ಹೇಳಿದ್ರು. ನಾನೇ ನಗಾಡಿದೆ."

ತೆರೆದ ಬಾಯಿ ಮುಚ್ಚಿದೆ.

ಫೆಬ್ರವರಿ ೨೦

ತಮ್ಮ ಅಂಗಡಿ ತೆರೆಯುತ್ತಿಲ್ಲ. ತಟ್ಟೆಯ ಮುಂದೆ ಕುಳಿತು ಎದ್ದು ಹೋಗುತ್ತಾನೆ. ಸಂಜೆ ಬಂದು ನನ್ನ ಮಂಚದ ಪಕ್ಕ ನೆಲದ ಮೇಲೆ ಕುಳಿತ.

"ಅತ್ತಿಗೆ ಕೆಮ್ಮೋದು ಕೇಳಕ್ಕಾಗ್ತಿರಲಿಲ್ಲ ಅಣ್ಣ. ಅದಕ್ಕೇ ಹಿಂದಿನ ದಿನ ರಾತ್ರಿ ಹೀಟರು, ಬೋರ್ಡು ಎರಡನ್ನೂ ಅವರ ರೂಮಿಗೆ ತಗೊಂಡ್ಹೋಗಿ ಕೊಟ್ಟೆ. 'ನಿಮ್ಮಣ್ಣಂಗೆ ಹೇಳಬೇಡ, ಬೈತಾರೆ' ಅಂದ್ರು. ಕತ್ತಲಲ್ಲಿ ತಡಕಾಡಿ ನಾನೇ ಸಿಕ್ಕಿಸಿದೆ... ನನ್ನ ಕೈಯಾರೆ..." ಹಣೆಯನ್ನು ನನ್ನ ಮಂಡಿಗೆ ಒತ್ತಿದ. "ತಪ್ಪಾಯ್ತು ಅಣ್ಣ. ತಪ್ಪಾಯ್ತು."

ಬಂತು. ನಾನು ಬಯಸಿದ್ದ ಹಾಗೆಯೇ. ತಲೆ ತಗ್ಗಿಸಿ, ನಗುವಿಲ್ಲದೆ.

"ಏನಾದ್ರೂ ಹೇಳಿ ಅಣ್ಣ. ಬೈಯೋದಾದ್ರೂ ಬೈರಿ."

ಆ ಕಲೆಯನ್ನು ನಾನು ನೋಡಿದ್ದೆ. ಇಷ್ಟೇ ವಾಕ್ಯ. ನಾಲಿಗೆಯ ತುದಿಯವರೆಗೆ ಬಂತು.

ಎಡಗೈಯನ್ನು ಅವನ ತಲೆಯ ಮೇಲಿಟ್ಟೆ.

"ಹೋಗಲಿ ಬಿಡು. ಕ್ಷಮಿಸಿದ್ದೇನೆ" ಎಂದೆ.

ಮಗುವಿನಂತೆ ಅತ್ತ. ಹೋಗುವಾಗ ಹಜಾರದ ದೀಪ ಆರಿಸಿ ಹೋದ. ಎಂದೂ ಆರಿಸಿದವನಲ್ಲ.

ನಾಳೆ ಬೆಳಿಗ್ಗೆ ಅವನನ್ನು ಕರೆದು ಆ ಕಲೆಯ ವಿಷಯ—