ಕವಲಲ್ಲಿ ನಿಂತವನು

ದೊಡ್ಡಬಳ್ಳಾಪುರ
೨೦ ನವೆಂಬರ್ ೨೦೨೪, ಬುಧವಾರ

ಲೇ ಮಮತ,

ಕಾಗದ ನೋಡಿ ಗಾಬರಿ ಬೀಳ್ಬೇಡ, ಮನೇಲಿ ಎಲ್ರೂ ಚೆನ್ನಾಗಿದ್ದಾರೆ. ಫೋನಲ್ಲಿ ಹೇಳೋಣ ಅಂದ್ರೆ ನೀನು ಮಧ್ಯದಲ್ಲೇ ನಕ್ಕುಬಿಡ್ತೀಯ, ನನಗೆ ಸಿಟ್ಟು ಬರುತ್ತೆ, ಆಮೇಲೆ ಇಬ್ರೂ ಒಂದು ವಾರ ಮಾತಾಡಲ್ಲ. ಕಾಗದ ಆದ್ರೆ ಪೂರ್ತಿ ಓದ್ಲೇಬೇಕು. ಸ್ಪೀಡ್ ಪೋಸ್ಟಲ್ಲಿ ಹಾಕ್ತಿದೀನಿ, ನಾಳಿದ್ದು ಹೊಸಕೋಟೆಗೆ ಬರುತ್ತೆ. ನಾವು ಮುಂದಿನ ಸಂಚಿಕೆ ಪ್ರೆಸ್ಸಿಗೆ ಕೊಡೋದು ಬರೋ ಸೋಮವಾರ ತಾನೇ, ಇನ್ನೂ ಟೈಮಿದೆ.

ಮೊದಲು ಒಳ್ಳೇ ಸುದ್ದಿ. ನಮ್ಮ 'ಉಲ್ಟಾಪುರ'ದ ಐದನೇ ಸಂಚಿಕೆಗೆ ಬಂದಷ್ಟು ಅಭಿಪ್ರಾಯ ಯಾವತ್ತೂ ಬಂದಿರಲಿಲ್ಲ ಕಣೇ! ನೀನು ಚಿತ್ರ ಬಿಡಿಸೋದು, ನಾನು ಕೊನೇ ಪುಟದ 'ಓದುಗರ ಮಾತು' ನೋಡ್ಕೊಳ್ಳೋದು ಅಂತ ಹಂಚ್ಕೊಂಡಾಗ ನನಗೆ ಕೆಲಸಾನೇ ಇರಲ್ಲ ಅಂದ್ಕೊಂಡಿದ್ದೆ. ಮದುವೆ ಕಾರ್ಡಿನ ಪ್ರೆಸ್ಸಲ್ಲಿ ಅಚ್ಚಾಗಿ, ಫ್ಯಾನ್ಸಿ ಸ್ಟೋರಲ್ಲಿ ಬಳೆ ಪಕ್ಕ ನೇತಾಡೋ ಕಾಮಿಕ್ಸ್ ಯಾರು ಓದ್ತಾರೆ ಹೇಳು. ಓದ್ತಾರೆ. ಘಾಟಿಯಿಂದ ವೆಂಕಟರಮಣಪ್ಪ ಮೇಷ್ಟ್ರು ಎರಡು ಪುಟ ಬೈದಿದ್ದಾರೆ. ರಾಕ್ಷಸಿನ ಹಾಸ್ಟೆಲ್ ವಾರ್ಡನ್ ಮಾಡಿ ಅವಳ ಕೈಲಿ ಮಕ್ಕಳಿಗೆ ಉಪ್ಪಿಟ್ಟು ಬಡಿಸಿಬಿಟ್ರೆ ಇನ್ಮೇಲೆ ಮಕ್ಕಳು ಯಾರಿಗೆ ಹೆದರಬೇಕು ಅಂತ ಕೇಳ್ತಾರೆ. ದೇವನಹಳ್ಳಿಯ ಭಾನುಪ್ರಿಯಾ ಅನ್ನೋರು, ಮಲತಾಯಿ ಹೊಟ್ಟೇಲೂ ಸಂಕಟ ಇರುತ್ತೆ ಅಂತ ತೋರಿಸಿದ್ದು ನೋಡಿ ಅತ್ತುಬಿಟ್ಟರಂತೆ, ಅವರೂ ಎರಡನೇ ಹೆಂಡ್ತಿಯಂತೆ. ಕಂಡಕ್ಟರ್ ಮನೋಹರ್ ದೂರು ಬೇರೆ ಥರ. ಮೊಬೈಲ್ ಕವರ್ ಮಾರೋ ರಾಜಕುಮಾರನ ಹಿಂದೆ ನೀನು ನಿಲ್ಲಿಸಿರೋ ಬಸ್ಸು ಆ ಕಡೆ ನಿಲ್ಲೋದೇ ಇಲ್ಲವಂತೆ. ನಾನು ಬಿದ್ದು ಬಿದ್ದು ನಕ್ಕೆ.

ಈಗ ಆ ಕಾರ್ಡುಗಳ ವಿಷಯ.

'ಕವಲುದಾರಿ ಮುದುಕಿ' ಧಾರಾವಾಹಿ ಶುರುವಾದಾಗಿಂದ ಹೆಸರಿಲ್ಲದ ಪೋಸ್ಟ್ ಕಾರ್ಡು ಬರ್ತಿವೆ ಅಂತ ಹೇಳಿದ್ನಲ್ಲ, ಒಟ್ಟು ಐದು. ಎಲ್ಲದರ ಮೇಲೂ ಅರಿಶಿನಕುಂಟೆ ಮುದ್ರೆ, ನನ್ನ ಗೋಡೌನ್ ಆಫೀಸ್ ಇರೋ ಊರೇ, ಅದಕ್ಕೇ ನನಗೆ ಇನ್ನೂ ಭಯ. ಮುದುಕಿ ಲಾಟೀನು ಹಿಡಿಯೋದು ಎಡಗೈಲಿ, ನೀವು ಬಲಗೈಗೆ ಕೊಟ್ಟಿದೀರ ಅಂತ ಮೊದಲನೇದು. ವ್ಯಾಪಾರಿ ಹೆಗಲ ಮೇಲಿನ ಗಂಟು ಕೆಂಪಲ್ಲ, ನೀಲಿ ಅಂತ ಇನ್ನೊಂದು. ಐದನೇದು ಇಷ್ಟೇ: ಅವನನ್ನ ಮನೆಗೆ ಕಳಿಸಿ. ನೀನು, ಯಾವನೋ ತಲೆಕೆಟ್ಟವನು ಬಿಡೇ, ಒಬ್ಬನಿಗೋಸ್ಕರ ಕೊನೆ ಬದಲಾಯಿಸೋಕಾಗಲ್ಲ ಅಂದೆ. ಎಡಗೈ ವಿಷಯ ನಮ್ಮ ಆಮಿನಾ ನಾನಿ ಬಾಯಿಂದ ಕಥೆ ಕೇಳಿದೋರಿಗೆ ಬಿಟ್ರೆ ಬೇರೆಯವರಿಗೆ ಹೇಗೆ ಗೊತ್ತಾಗುತ್ತೆ ಅಂತ ನಾನು ಕೇಳಿದಾಗ ನೀನು ಮಾತು ತಿರುಗಿಸಿದೆ.

ನಾನಿ ಹೇಳ್ತಿದ್ದದ್ದು ಜ್ಞಾಪಕ ಇದೆ ತಾನೇ? ವ್ಯಾಪಾರಿಯೊಬ್ಬ ದಾರಿ ತಪ್ಪಿ ಕವಲಿಗೆ ಬರ್ತಾನೆ. ಲಾಟೀನು ಹಿಡಿದ ಮುದುಕಿ, ನನಗೊಂದು ಕಥೆ ಹೇಳು, ದಾರಿ ತೋರಿಸ್ತೀನಿ ಅಂತಾಳೆ. ಇವನು ಹೇಳ್ತಾನೆ, ಅವಳು ಹೂಂ, ಆಮೇಲೆ ಅಂತಾಳೆ. ಅವಳು ಹೂಂ ಅಂತಿರೋವರೆಗೂ ಇವನ ಕಾಲು ಕೀಳಲ್ಲ. ಕೊನೆಗೆ ಮುದುಕಿಗೆ ಜೋಂಪು ಹತ್ತಿ ಹೂಂಗುಟ್ಟೋದು ನಿಲ್ಲುತ್ತೆ, ಇವನು ಮನೆ ಸೇರ್ತಾನೆ. ನಿನ್ನ ಉಲ್ಟಾ ಕಥೇಲಿ ಮುದುಕಿಗೆ ನಿದ್ದೆನೇ ಬರಲ್ಲ. ಮುಂದಿನ ಸಂಚಿಕೆಗೆ ನೀನು ಕಳಿಸಿರೋ ಕೊನೇ ಚಿತ್ರದಲ್ಲಿ ವ್ಯಾಪಾರಿ ಗಡ್ಡ ನೆಲ ಮುಟ್ಟಿದೆ, ಅವನಿನ್ನೂ ಹೇಳ್ತಾನೇ ಇದ್ದಾನೆ. ಚಿತ್ರ ಅದ್ಭುತವಾಗಿದೆ ಕಣೇ, ಸುಳ್ಳು ಹೇಳಲ್ಲ. ಅದನ್ನ ನೋಡಿದಾಗಿಂದ ನನಗೆ ಅನ್ನ ಇಳೀತಿಲ್ಲ.

ಇಪ್ಪತ್ತೆರಡು ವರ್ಷದಿಂದ ನಾವಿಬ್ರೂ ಬಾಯಿ ಬಿಡದೇ ಇರೋದನ್ನ ಇವತ್ತು ಬರೆದುಬಿಡ್ತೀನಿ. ನಮ್ಮನೇಲಿ ಹಗಲು ಹೊತ್ತು ಕಥೆ ಹೇಳೋ ಹಾಗಿರಲಿಲ್ಲ. ಹೇಳಿದ್ರೆ ಸೋದರಮಾವ, ನಮ್ಮ ಮಾಮು, ದಾರಿ ತಪ್ಪಿಹೋಗ್ತಾರೆ ಅಂತ ನಾನಿ ಗದರಿಸ್ತಿದ್ರು. ನಮ್ಮಲ್ಲಿ ಎಲ್ಲಾ ಮನೇಲೂ ಮಕ್ಕಳಿಗೆ ಹೀಗೇ ಹೇಳೋದು, ಎಲ್ಲಾ ಮಕ್ಕಳೂ ನಗೋದು. ನಾವೂ ನಕ್ವಿ. ಆವತ್ತು ಮಧ್ಯಾಹ್ನ ಕರೆಂಟು ಹೋಗಿ ಬೀದಿ ಬೀದಿ ಮಗ್ಗ ನಿಂತುಹೋಗಿತ್ತು. ಒಂಬತ್ತು ವರ್ಷದ ನಾವಿಬ್ರು ನೂಲಿನ ಮೂಟೆ ಹಿಂದೆ ಕೂತಿದ್ವಿ. ನಾನು ನಾನಿ ಥರಾನೇ ದನಿ ಮಾಡ್ಕೊಂಡು ಕಥೆ ಹೇಳ್ದೆ, ನೀನು ಹೂಂ ಅಂದೆ. ವ್ಯಾಪಾರಿ ಕವಲಿಗೆ ಬಂದು, ಮುದುಕಿ ಲಾಟೀನು ಎತ್ತಿದಳು ಅನ್ನೋಷ್ಟರಲ್ಲಿ ಕರೆಂಟು ಬಂತು. ಮಗ್ಗಗಳು ಒಟ್ಟಿಗೇ ಶುರುವಾಗಿ, ನೀನು ಹೂಂ ಅಂದದ್ದೂ ನನಗೆ ಕೇಳಿಸ್ಲಿಲ್ಲ. ಕಥೆ ಅಲ್ಲಿಗೇ ಬಿಟ್ಟು ಎದ್ದು ಓಡಿದ್ವಿ.

ಅಸದುಲ್ಲಾ ಮಾಮು ಆವತ್ತು ಬೆಳಿಗ್ಗೆ ನೀಲಿ ಗಂಟಲ್ಲಿ ಸೀರೆ ಕಟ್ಕೊಂಡು ನೆಲಮಂಗಲಕ್ಕೆ ಹೋಗಿದ್ರು. ಪ್ರತಿ ಗುರುವಾರ ಹೋಗೋರು, ಸಾಯಂಕಾಲದ ಅಸರ್ ನಮಾಜಿನ ಹೊತ್ತಿಗೆ ಬಂದುಬಿಡೋರು. ಆವತ್ತು ಬರಲಿಲ್ಲ. ನಮ್ಮಪ್ಪ ಹುಡುಕ್ಕೊಂಡು ಹೋದಾಗ ಅರಿಶಿನಕುಂಟೆ ಹತ್ತಿರ ಟೀ ಅಂಗಡಿ ಬೈರಪ್ಪ ಸಿಕ್ಕಿದ್ರು. ನಿಮ್ಮ ಭಾವಮೈದ ಮಧ್ಯಾಹ್ನ ಇಲ್ಲೇ ಇದ್ರಪ್ಪಾ, ದೊಡ್ಡಬಳ್ಳಾಪುರಕ್ಕೆ ದಾರಿ ಯಾವುದು ಅಂತ ನನ್ನೇ ಕೇಳಿದ್ರು ಅಂದ್ರಂತೆ. ವಾರ ವಾರ ಅಲ್ಲೇ ಟೀ ಕುಡಿಯೋ ಮನುಷ್ಯ! ತಮಾಷೆ ಅಂದ್ಕೊಂಡು ಬೈರಪ್ಪ ಕೈ ತೋರಿಸಿದ್ರಂತೆ. ಮಾಮು ಆ ಕಡೆ ನೋಡಿ, ಅಲ್ಲಿ ಎರಡು ದಾರಿ ಇದೆಯಲ್ಲ ಅಂದ್ರಂತೆ. ಇದ್ದದ್ದು ಒಂದೇ ದಾರಿ. ಆಗ ಎಷ್ಟು ಗಂಟೆ ಅಂತ ನಮ್ಮಪ್ಪ ಕೇಳಿದ್ದಕ್ಕೆ, ಕರೆಂಟು ಹೋಗಿ ಬಂತಲ್ಲ, ಆವಾಗ ಅಂದ್ರಂತೆ.

ಪೊಲೀಸ್, ಪೇಪರು, ದರ್ಗಾ, ಎಲ್ಲಾ ಆಯ್ತು. ನಾನಿಗೆ ಈಗ ಎಂಬತ್ತಾರು. ಇವತ್ತಿಗೂ ಮಧ್ಯಾಹ್ನ ಮಗನಿಗೆ ಅಂತ ಒಂದು ತಟ್ಟೆ ಜಾಸ್ತಿ ಇಡ್ತಾರೆ. ತಪ್ಪು ನಂದು ಅಂತ ಅವರಿಗೆ ಹೇಳೋ ಧೈರ್ಯ ನನಗೆ ಯಾವತ್ತೂ ಬಂದಿಲ್ಲ. ಓದಿದೋಳು ಹೀಗೆಲ್ಲಾ ನಂಬ್ತೀಯಲ್ಲೇ ಅಂತೀಯ. ನಂಬಲ್ಲ ಕಣೇ. ಆದ್ರೂ ಆ ಕಥೆ ಒಬ್ಬಳೇ ಹೇಳಿ ಮುಗಿಸೋಣ ಅಂತ ಎಷ್ಟೋ ಸಲ ಕೂತಿದೀನಿ. ಹೂಂ ಅನ್ನೋರಿಲ್ದೆ ಕಥೆ ಮುಂದಕ್ಕೆ ಹೋಗಲ್ಲ. ಆವತ್ತು ಹೂಂ ಅಂದೋಳು ನೀನೇ.

ಅದಕ್ಕೇ ಕೇಳ್ತಿದೀನಿ, ಕೈ ಮುಗಿದು ಕೇಳ್ತಿದೀನಿ ಅಂತಾನೇ ಇಟ್ಕೋ. ಕೊನೇ ಪುಟ ಬದಲಾಯಿಸು. ಮುದುಕಿಗೆ ನಿದ್ದೆ ಬರ್ಲಿ, ಅವನು ಮನೆ ಬಾಗಿಲು ತಟ್ಲಿ. ಉಲ್ಟಾಪುರದಲ್ಲಿ ಇದೊಂದು ಕಥೆ ಉಲ್ಟಾ ಆಗದೇ ಇದ್ರೆ ಯಾರೂ ನಮ್ಮನ್ನ ಹೊಡೆಯೋಕೆ ಬರಲ್ಲ. ವೆಂಕಟರಮಣಪ್ಪ ಮೇಷ್ಟ್ರಂತೂ ಖುಷಿ ಪಡ್ತಾರೆ. ನಾನಿ ಇರೋವಾಗ್ಲೇ ಆಗ್ಬೇಕು ಮಮತ.

ಮಗೂಗೆ ನನ್ನ ಮುದ್ದು.

ನಿನ್ನ ಜೊತೆ ನೂಲಿನ ಮೂಟೆ ಹಿಂದೆ ಕೂತಿದ್ದ
ಫರ್ಹಾ

ತಾ.ಕ.: ಇದನ್ನ ಬರೀಬಾರದು ಅಂತಿದ್ದೆ. ಆ ಐದು ಕಾರ್ಡೂ ನಾನೇ ಬರೆದದ್ದು. ಆಫೀಸಿನ ಊಟದ ಹೊತ್ತಲ್ಲಿ ಹೋಗಿ ಅಂಚೆ ಡಬ್ಬಕ್ಕೆ ಹಾಕಿ ಬರ್ತಿದ್ದೆ. ನೀನು ಹೆದರಿ ಕೊನೆ ಬದಲಾಯಿಸ್ತೀಯ ಅಂತ ಮಾಡಿದೆ, ಬೈಯೋದಾದ್ರೆ ಬೈಯಿ. ಆದ್ರೆ ಇವತ್ತು ಆರನೇದು ಬಂದಿದೆ. ಅರಿಶಿನಕುಂಟೆ ಮುದ್ರೆ, ಮೊನ್ನೆ ಸೋಮವಾರದ ತಾರೀಕು. ಸೋಮವಾರ ನಾನು ರಜಾ ಹಾಕಿ ನಾನಿಯನ್ನ ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ದೆ. ಪೆನ್ಸಿಲಲ್ಲಿ ಎರಡೇ ಮಾತು ಬರೆದಿದೆ: ಹೂಂ, ಆಮೇಲೆ? ಅಕ್ಷರ ನಿಂದಲ್ಲ, ನನಗೆ ಗೊತ್ತು. ಕೇಳ್ತಿರೋದು ಆ ಮುದುಕಿನೋ ಮಾಮುನೋ, ಅದು ಗೊತ್ತಿಲ್ಲ. ನಾನಿಗೆ ಕನ್ನಡ ಓದೋಕೆ ಬರಲ್ಲ, ನಾನು ಏನೂ ಹೇಳಿರಲೂ ಇಲ್ಲ. ಕಾರ್ಡು ಕೈಗೆ ತಗೊಂಡು, ಹಿಂದೆ ಮುಂದೆ ತಿರುಗಿಸಿ, ಬೆರಳಲ್ಲಿ ಸವರಿ, ಅಸದ್ ಊಟ ಮಾಡಿದ್ನಾ ಅಂತ ಕೇಳಿ ಬರಿಯೇ ಅಂದ್ರು.